ಚುಕ್ಕಿ ರಚನೆಯಿಂದ ಅಣುವಿನ ಆಕಾರಕ್ಕೆ: ನಮ್ಮ ಪಾಠಕ್ರಮದ ಒಂದು ವಿಮರ್ಶೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಶಾಲೆ ಕಾಲೇಜುಗಳಿಗೆ ಉಪನ್ಯಾಸಕ್ಕೆ ಹೋದಾಗಲೆಲ್ಲ ವಿದ್ಯಾರ್ಥಿಗಳಿಗೆ ಎರಡು ಸಣ್ಣ ಕೆಲಸ ಕೊಡುವುದು ನನ್ನ ರೂಢಿ. ಮೊದಲನೆಯದು, ಮೀಥೇನ್ ಅಣುವಿನ ಎಲೆಕ್ಟ್ರಾನ್ ಚುಕ್ಕಿ ರಚನೆ ಬರೆಯುವುದು. ಇದನ್ನು ಬಹುತೇಕ ಎಲ್ಲರೂ ಸರಿಯಾಗಿ ಬರೆಯುತ್ತಾರೆ. ನಡುವೆ ಕಾರ್ಬನ್, ನಾಲ್ಕು ದಿಕ್ಕಿಗೆ ನಾಲ್ಕು ಹೈಡ್ರೋಜನ್, ನಡುನಡುವೆ ಎರಡೆರಡು ಚುಕ್ಕಿ. ಎರಡನೆಯದು ಒಂದು ಪ್ರಶ್ನೆ: ಈ ಅಣುವಿನಲ್ಲಿ ಅಕ್ಕಪಕ್ಕದ ಎರಡು ಬಂಧಗಳ ನಡುವಿನ ಕೋನ ಎಷ್ಟು? ಹತ್ತನೆಯ ತರಗತಿಯವರು ತಮ್ಮ ಚಿತ್ರವನ್ನು ನೋಡಿ '90 ಡಿಗ್ರಿ' ಎನ್ನುತ್ತಾರೆ. ಪಿಯುಸಿಯವರು ಚಿತ್ರವನ್ನು ನೋಡದೆ '109.5 ಡಿಗ್ರಿ' ಎನ್ನುತ್ತಾರೆ. ಏಕೆ ಎಂದು ಕೇಳಿದರೆ ಇಬ್ಬರೂ ಸುಮ್ಮನಾಗುತ್ತಾರೆ.

ಮೊದಲ ಉತ್ತರ ತಪ್ಪು, ಎರಡನೆಯದು ಸರಿ. ಆದರೆ ಮೊದಲನೆಯವನು ಕನಿಷ್ಠ ತನ್ನ ಕಣ್ಣನ್ನು ನಂಬಿದ್ದಾನೆ. ಎರಡನೆಯವನು ಕೋಷ್ಟಕವನ್ನು ನಂಬಿದ್ದಾನೆ. ಎರಡು ವರ್ಷಗಳ ನಡುವೆ ಅವನಿಗೆ ಒಂದು ಸಂಖ್ಯೆ ಸಿಕ್ಕಿತು, ಕಾರಣ ಸಿಗಲಿಲ್ಲ. ಇದು ಮಕ್ಕಳ ದೋಷವಲ್ಲ, ಪಾಠ ಜೋಡಿಸಿರುವ ರೀತಿಯ ದೋಷ ಎಂಬುದು ಈ ಲೇಖನದ ವಾದ.

ಎರಡು ಪಾಠಗಳ ನಡುವಿನ ಕಂದಕ

ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಚುಕ್ಕಿ ರಚನೆ ಎರಡು ಕಡೆ ಬರುತ್ತದೆ. ಲೋಹ ಮತ್ತು ಅಲೋಹಗಳ ಪಾಠದಲ್ಲಿ ಅಯಾನಿಕ ಬಂಧಕ್ಕಾಗಿ, ಕಾರ್ಬನ್ ಪಾಠದಲ್ಲಿ ಸಹವೇಲೆನ್ಸೀಯ ಬಂಧಕ್ಕಾಗಿ. ಅಲ್ಲಿ ಅಣುವಿನ ಆಕಾರದ ಮಾತು ಇಲ್ಲವೇ ಇಲ್ಲ ಎನ್ನಬಹುದು. ರಾಜ್ಯದ ಪದವಿಪೂರ್ವ ವಿಜ್ಞಾನಕ್ಕೆ 2012–13ರಿಂದ ಬಂದ ಎನ್‌ಸಿಇಆರ್‌ಟಿ ಆಧಾರಿತ ಪಠ್ಯದಲ್ಲಿ ಚುಕ್ಕಿ ರಚನೆ, ಅಷ್ಟಕ ನಿಯಮ, ಹೊರಕವಚದ ಎಲೆಕ್ಟ್ರಾನ್ ಜೋಡಿಗಳ ವಿಕರ್ಷಣೆ, ಸಂಕರಣ, ಅಣುಕಕ್ಷಕ ಎಲ್ಲವೂ ಒಂದೇ ಅಧ್ಯಾಯದಲ್ಲಿ ಒಂದರ ಹಿಂದೊಂದು ಬರುತ್ತವೆ. ಹಿಂದಿನ ಎರಡು ವರ್ಷ ಹಸಿವಿನಿಂದ ಕೂರಿಸಿ, ಮೂರನೆಯ ವರ್ಷ ಒಂದೇ ಪಂಕ್ತಿಯಲ್ಲಿ ಹಬ್ಬದೂಟ ಬಡಿಸಿದಂತೆ. ಹತ್ತರವರೆಗೆ ಕನ್ನಡದಲ್ಲಿ ಓದಿದ ಹಳ್ಳಿಯ ಮಗು ಇದೇ ಹೊತ್ತಿಗೆ ಇಂಗ್ಲಿಷ್ ಮಾಧ್ಯಮಕ್ಕೂ ದಾಟಬೇಕು.

ಇದರ ಜೊತೆಗೆ ಇನ್ನೊಂದು ಸಂಗತಿ. 2022–23ರ ಪರಿಷ್ಕರಣೆಯಲ್ಲಿ ಎನ್‌ಸಿಇಆರ್‌ಟಿ ತನ್ನ ಹತ್ತನೆಯ ತರಗತಿ ಪುಸ್ತಕದಿಂದ ಆವರ್ತ ವರ್ಗೀಕರಣದ ಅಧ್ಯಾಯವನ್ನು ತೆಗೆಯಿತು. ಚುಕ್ಕಿ ಇಡುವವನಿಗೆ ಮೊದಲು ಬೇಕಾದದ್ದು ಹೊರಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಎಂಬ ಲೆಕ್ಕ. ಅದನ್ನು ತಕ್ಷಣ ಹೇಳುವುದು ಆವರ್ತ ಕೋಷ್ಟಕದ ಗುಂಪು. ಕೋಷ್ಟಕ ತಿಳಿಯದೆ ಚುಕ್ಕಿ ಕಲಿಯುವುದು ಮಗ್ಗಿ ತಿಳಿಯದೆ ಭಾಗಾಕಾರ ಕಲಿತಂತೆ.

ಚುಕ್ಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಮೆರಿಕದ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಚುಕ್ಕಿ ಗುರುತುಗಳನ್ನು ಬಳಕೆಗೆ ತಂದರು. ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನ್‌ಗಳನ್ನು ಹಂಚಿಕೊಳ್ಳುವುದೇ ಬಂಧ ಎಂಬುದು ಅವರ ಮುಖ್ಯ ವಿಚಾರ. ಕ್ವಾಂಟಂ ಯಂತ್ರವಿಜ್ಞಾನ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ ಇದನ್ನು ಊಹಿಸಿದ್ದು ದೊಡ್ಡ ಸಾಧನೆ.

ಆದರೆ ಚುಕ್ಕಿ ರಚನೆ ಒಂದು ಲೆಕ್ಕಪತ್ರ. ಎಷ್ಟು ಎಲೆಕ್ಟ್ರಾನ್‌ಗಳಿವೆ, ಅವುಗಳಲ್ಲಿ ಎಷ್ಟು ಬಂಧದಲ್ಲಿವೆ, ಎಷ್ಟು ಬಂಧದ ಹೊರಗಿವೆ ಎಂದು ಅದು ತಿಳಿಸುತ್ತದೆ. ಅಣುವಿನ ಆಕಾರವನ್ನು ಅದು ತಿಳಿಸುವುದಿಲ್ಲ. ಕಿನ್ನಾಳದ ಬಣ್ಣದ ಆನೆ ಮಗುವಿಗೆ ಸೊಂಡಿಲು ಎಲ್ಲಿದೆ ಎಂದು ಕಲಿಸುತ್ತದೆ, ಆನೆಯ ತೂಕವನ್ನು ಕಲಿಸುವುದಿಲ್ಲ. ಗೊಂಬೆ ಕೊಡುವವರು ಅಷ್ಟನ್ನು ಹೇಳಿ ಕೊಡಬೇಕು. ನಮ್ಮ ಪಾಠ ಹೇಳುವುದಿಲ್ಲ.

ಹಾಗಾದರೆ ಮೀಥೇನ್ ಚಪ್ಪಟೆಯಲ್ಲ ಎಂದು ತಿಳಿದದ್ದು ಹೇಗೆ? ಮೀಥೇನಿನ ಎರಡು ಹೈಡ್ರೋಜನ್‌ಗಳ ಜಾಗದಲ್ಲಿ ಎರಡು ಕ್ಲೋರಿನ್ ಇಡಿ. ಅಣು ಚೌಕವಾಗಿದ್ದರೆ ಎರಡು ಬಗೆಯ ಡೈಕ್ಲೋರೋಮೀಥೇನ್ ಇರಬೇಕು: ಕ್ಲೋರಿನ್‌ಗಳು ಅಕ್ಕಪಕ್ಕ ಇರುವುದೊಂದು, ಎದುರುಬದುರು ಇರುವುದೊಂದು. ಆದರೆ ಪ್ರಯೋಗಾಲಯದಲ್ಲಿ ದೊರೆಯುವುದು ಒಂದೇ ಬಗೆ. ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳಿಗೆ ಚಾಚಿದ್ದರೆ ಮಾತ್ರ ಇದು ಸಾಧ್ಯ, ಏಕೆಂದರೆ ಅಲ್ಲಿ ಯಾವ ಎರಡು ಮೂಲೆಗಳನ್ನು ಆರಿಸಿದರೂ ಅವು ಅಕ್ಕಪಕ್ಕವೇ. ವಾಂಟ್ ಹಾಫ್ ಮತ್ತು ಲ ಬೆಲ್ ಕಾರ್ಬನ್ನಿನ ಚತುರ್ಮುಖಿಯನ್ನು ಮುಂದಿಟ್ಟದ್ದು 1874ರಲ್ಲಿ. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಅಂದರೆ ಎಲೆಕ್ಟ್ರಾನಿನ ಹೆಸರೂ ಇಲ್ಲದ ಕಾಲದಲ್ಲಿ ಆಕಾರ ತಿಳಿದಿತ್ತು. ಚುಕ್ಕಿಗಳಿಂದ ಆಕಾರ ಹುಟ್ಟುತ್ತದೆ ಎಂಬ ಭಾವನೆಯನ್ನು ನಮ್ಮ ಪುಸ್ತಕಗಳು ಮೂಡಿಸುತ್ತವೆ. ಚರಿತ್ರೆ ನಡೆದದ್ದು ತಿರುವುಮುರುವಾಗಿ.

ಒಬ್ಬ ಹುಡುಗಿಯ ಪ್ರಶ್ನೆ

ಆಕಾರವನ್ನು ಊಹಿಸಲು ಇಂದು ಕಲಿಸುವ ನಿಯಮಕ್ಕೆ ಬುನಾದಿ ಹಾಕಿದವರು ಸಿಡ್ಜ್‌ವಿಕ್ ಮತ್ತು ಪೊವೆಲ್ (1940). ಅದನ್ನು ಬೆಳೆಸಿದವರು ಗಿಲೆಸ್ಪಿ ಮತ್ತು ನೈಹೋಮ್ (1957). ನಡುವಿನ ಪರಮಾಣುವಿನ ಸುತ್ತ ಇರುವ ಎಲೆಕ್ಟ್ರಾನ್ ಜೋಡಿಗಳು ಪರಸ್ಪರ ಆದಷ್ಟು ದೂರ ಇರುತ್ತವೆ ಎಂಬುದು ನಿಯಮದ ಸಾರ. ಎರಡು ಜೋಡಿಗಳಾದರೆ ಸರಳರೇಖೆ, ಮೂರಾದರೆ ತ್ರಿಕೋನ, ನಾಲ್ಕಾದರೆ ಚತುರ್ಮುಖಿ. 'ಎಲೆಕ್ಟ್ರಾನ್‌ಗಳಿಗೆ ಋಣ ಆವೇಶವಿದೆ, ಆದ್ದರಿಂದ ವಿಕರ್ಷಿಸುತ್ತವೆ' ಎಂದು ಪಾಠ ಕಾರಣ ಕೊಟ್ಟು ಮುಂದೆ ಹೋಗುತ್ತದೆ.

ಕುಷ್ಟಗಿ ಕಡೆಯ ಒಬ್ಬ ವಿದ್ಯಾರ್ಥಿನಿ ಇದನ್ನು ಕೇಳಿ ಕೈಯೆತ್ತಿದಳು. "ಸರ್, ಎಲೆಕ್ಟ್ರಾನ್ ಒಂದನ್ನೊಂದು ದೂಡ್ತಾವಂದ್ರ, ಎರಡೆರಡು ಜೋಡಿ ಆಗಿ ಹೆಂಗ ಕುಂದರ್ತಾವ್ರಿ?" ತರಗತಿ ನಕ್ಕಿತು. ನಾನು ನಗಲಿಲ್ಲ. ಇಡೀ ಅಧ್ಯಾಯದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಜೋಡಿಗಳು ಪರಸ್ಪರ ದೂರ ಹೋಗುವಷ್ಟು ವಿಕರ್ಷಣೆ ಇದ್ದರೆ, ಜೋಡಿಯ ಒಳಗೇ ಇರುವ ಎರಡು ಎಲೆಕ್ಟ್ರಾನ್‌ಗಳು ಮೊದಲು ಬೇರೆಯಾಗಬೇಕಲ್ಲವೆ?

ಉತ್ತರ ಬರಿಯ ಆವೇಶದಲ್ಲಿಲ್ಲ, ಪೌಲಿಯ ಬಹಿಷ್ಕರಣ ತತ್ತ್ವದಲ್ಲಿದೆ (1925). ಎಲೆಕ್ಟ್ರಾನಿಗೆ ಗಿರಕಿ ಎಂಬ ಗುಣವಿದ್ದು ಅದಕ್ಕೆ ಎರಡೇ ಸಾಧ್ಯತೆ. ಒಂದೇ ಗಿರಕಿಯ ಎರಡು ಎಲೆಕ್ಟ್ರಾನ್‌ಗಳು ಒಂದೇ ಕಡೆ ಇರಲಾರವು. ಆವೇಶದ ಮಾತು ಬದಿಗಿಟ್ಟರೂ ಅವು ದೂರವೇ ಉಳಿಯುತ್ತವೆ. ಎದುರು ಗಿರಕಿಯವುಗಳಿಗೆ ಈ ನಿರ್ಬಂಧ ಇಲ್ಲ. ಪರಮಾಣುವಿನ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್‌ಗಳಿದ್ದರೆ ಒಂದು ಗಿರಕಿಯ ನಾಲ್ಕು ಒಂದು ಚತುರ್ಮುಖಿಯಾಗಿ ನಿಲ್ಲುವ ಸಂಭವ ಹೆಚ್ಚು, ಇನ್ನೊಂದು ಗಿರಕಿಯ ನಾಲ್ಕು ಮತ್ತೊಂದು ಚತುರ್ಮುಖಿಯಾಗಿ. ಈ ಎರಡು ಚತುರ್ಮುಖಿಗಳು ಒಂದರ ಮೇಲೊಂದು ಕೂರಲೇಬೇಕೆಂದಿಲ್ಲ. ಒಂಟಿ ನಿಯಾನ್ ಪರಮಾಣುವಿನಲ್ಲಿ ಅವು ಕೂರುವುದೂ ಇಲ್ಲ. ನೆರೆಯ ಹೈಡ್ರೋಜನ್‌ಗಳ ನ್ಯೂಕ್ಲಿಯಸ್‌ಗಳು ಎರಡೂ ಗಿರಕಿಯವುಗಳನ್ನು ತಮ್ಮ ಕಡೆಗೆ ಸೆಳೆದಾಗ ಎರಡು ಚತುರ್ಮುಖಿಗಳ ಮೂಲೆಗಳು ಒಂದಾಗುತ್ತವೆ. ಆಗ ನಮಗೆ 'ಜೋಡಿ' ಕಾಣುತ್ತದೆ. ಎಲೆಕ್ಟ್ರಾನ್‌ಗಳು ತಾವಾಗಿ ಜೋಡಿಯಾಗುವುದಿಲ್ಲ, ನ್ಯೂಕ್ಲಿಯಸ್‌ಗಳ ಸೆಳೆತ ಅವನ್ನು ಜೋಡಿಸುತ್ತದೆ.

ಇದನ್ನು ಪಿಯುಸಿ ಮಕ್ಕಳಿಗೆ ಗಣಿತವಿಲ್ಲದೆ ಹತ್ತು ನಿಮಿಷದಲ್ಲಿ ಹೇಳಬಹುದು. ಬಹಿಷ್ಕರಣ ತತ್ತ್ವವನ್ನು ಅವರು ಪರಮಾಣು ರಚನೆಯ ಪಾಠದಲ್ಲಿ ಆಗಲೇ ಓದಿರುತ್ತಾರೆ. ಒಂದು ಪಾಠದಲ್ಲಿ ಕಲಿತದ್ದನ್ನು ಇನ್ನೊಂದು ಪಾಠದಲ್ಲಿ ಬಳಸದಿರುವುದು ನಮ್ಮ ಬೋಧನೆಯ ಹಳೆಯ ಕಾಯಿಲೆ.

ಪದದ ಬಗ್ಗೆಯೂ ಒಂದು ಮಾತು. ಬಂಧದಲ್ಲಿ ಭಾಗವಹಿಸದ ಜೋಡಿಗೆ 'ಒಂಟಿ ಜೋಡಿ' ಎಂದು ಕೆಲವರು ಕನ್ನಡ ಮಾಡಿದ್ದಾರೆ. ಒಂಟಿ ಎಂದ ಮೇಲೆ ಜೋಡಿ ಹೇಗೆ ಎಂದು ಮಕ್ಕಳು ಗೊಂದಲಗೊಳ್ಳುತ್ತಾರೆ. 'ಬಂಧರಹಿತ ಜೋಡಿ' ಎಂದರೆ ಅರ್ಥ ನೇರವಾಗಿ ತಿಳಿಯುತ್ತದೆ.

ಕಳೆಯುವ ಸೂತ್ರದ ಅಪಾಯ

ಮೀಥೇನಿನಲ್ಲಿ ಕೋನ 109.5 ಡಿಗ್ರಿ, ಅಮೋನಿಯಾದಲ್ಲಿ ಸುಮಾರು 107, ನೀರಿನಲ್ಲಿ 104.5. ಇವನ್ನು ನೋಡಿ 'ಒಂದು ಬಂಧರಹಿತ ಜೋಡಿಗೆ ಎರಡೂವರೆ ಡಿಗ್ರಿ ಕಳೆಯಿರಿ' ಎಂಬ ಸೂತ್ರ ತರಗತಿಗಳಲ್ಲಿ ಚಾಲ್ತಿಗೆ ಬಂದಿದೆ. ಪರೀಕ್ಷೆಗೆ ಅನುಕೂಲ, ವಿಜ್ಞಾನಕ್ಕೆ ಹಾನಿ. ಅಮೋನಿಯಾದ ನೈಟ್ರೋಜನ್ ಬದಲು ಅದೇ ಗುಂಪಿನ ಫಾಸ್ಫರಸ್ ಇಟ್ಟು ನೋಡಿ. ಚುಕ್ಕಿ ರಚನೆ ಅದೇ, ಆದರೆ ಫಾಸ್ಫೀನಿನಲ್ಲಿ ಕೋನ ಸುಮಾರು 93.5 ಡಿಗ್ರಿ. ನೀರಿನ ಆಕ್ಸಿಜನ್ ಬದಲು ಗಂಧಕ ಇಟ್ಟರೆ ಹೈಡ್ರೋಜನ್ ಸಲ್ಫೈಡಿನಲ್ಲಿ ಸುಮಾರು 92 ಡಿಗ್ರಿ. ಬಂಧರಹಿತ ಜೋಡಿ ಹೆಚ್ಚು ಜಾಗ ಹಿಡಿಯುವುದರಿಂದ ಕೋನ ಕಿರಿದಾಗುತ್ತದೆ ಎಂದು ನಿಯಮ ಹೇಳುತ್ತದೆ, ಅದು ನಿಜವೂ ಹೌದು. ಎಷ್ಟು ಕಿರಿದಾಗುತ್ತದೆ ಎಂದು ನಿಯಮ ಹೇಳುವುದಿಲ್ಲ. ಹೇಳದಿರುವುದನ್ನು ಅದರ ಬಾಯಲ್ಲಿ ಹೇಳಿಸಬಾರದು.

ಐದು ಮತ್ತು ಆರು ಜೋಡಿಗಳ ಅಣುಗಳ ವಿಷಯದಲ್ಲೂ ಇದೇ ಅವಸರ. ಸಲ್ಫರ್ ಹೆಕ್ಸಾಫ್ಲೋರೈಡ್ ಅಷ್ಟಮುಖಿಯಾಗಿರುವುದಕ್ಕೆ ಡಿ ಕಕ್ಷಕಗಳ ಸಂಕರಣ ಕಾರಣ ಎಂದು ಪುಸ್ತಕಗಳು ಬರೆಯುತ್ತವೆ. ಡಿ ಕಕ್ಷಕಗಳ ನೆರವಿಲ್ಲದೆ ಇಂಥ ಬಂಧಗಳನ್ನು ವಿವರಿಸುವ ದಾರಿಯನ್ನು ಪಿಮೆಂಟೆಲ್ ಮತ್ತು ರಂಡಲ್ 1951ರಲ್ಲೇ ತೋರಿಸಿದ್ದರು. ಮುಂದೆ ಬಂದ ವಿವರವಾದ ಲೆಕ್ಕಾಚಾರಗಳು ಡಿ ಕಕ್ಷಕಗಳ ಪಾತ್ರ ಬಹಳ ಚಿಕ್ಕದು ಎಂದು ತೋರಿಸಿವೆ. ಆಕಾರ ನಿಜ, ಕೊಡುವ ಕಾರಣ ಹಳತು.

ಆಕ್ಸಿಜನ್ ಕಲಿಸುವ ವಿನಯ

ನಾವು ಉಸಿರಾಡುವ ಆಕ್ಸಿಜನ್ನಿನ ಚುಕ್ಕಿ ರಚನೆ ಎಲ್ಲ ಮಕ್ಕಳಿಗೂ ಗೊತ್ತು: ನಡುವೆ ಎರಡು ಜೋಡಿ, ಎರಡು ಬದಿಗೆ ಎರಡೆರಡು ಜೋಡಿ. ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿಯಾಗಿವೆ. ಹಾಗಿದ್ದರೆ ಆಕ್ಸಿಜನ್ ಕಾಂತಕ್ಕೆ ಸೆಳೆಯಲ್ಪಡಬಾರದು. ಆದರೆ ದ್ರವ ಆಕ್ಸಿಜನ್ನನ್ನು ಬಲವಾದ ಕಾಂತದ ಎರಡು ಧ್ರುವಗಳ ನಡುವೆ ಸುರಿದರೆ ಅದು ಅಲ್ಲಿಯೇ ಸೇತುವೆಯಂತೆ ನಿಲ್ಲುತ್ತದೆ. ಎರಡು ಎಲೆಕ್ಟ್ರಾನ್‌ಗಳು ಜೋಡಿಯಾಗದೆ ಉಳಿದಿರುವುದೇ ಕಾರಣ.

ಮೇಲೆ ಹೇಳಿದ ಎರಡು ಗಿರಕಿಗಳ ಚಿತ್ರದಿಂದ ಇದನ್ನು ಅರ್ಥಮಾಡಿಕೊಳ್ಳಬಹುದು. ಇಂಗ್ಲೆಂಡಿನ ಲಿನೆಟ್ ಇದನ್ನು 1961ರಲ್ಲಿ ಮುಂದಿಟ್ಟರು. ಎರಡು ಪರಮಾಣುಗಳಿಂದ ಒಟ್ಟು 12 ಹೊರ ಎಲೆಕ್ಟ್ರಾನ್‌ಗಳು. ಅವನ್ನು ಆರು ಆರಾಗಿ ಹಂಚದೆ, ಒಂದು ಗಿರಕಿಗೆ ಏಳು, ಇನ್ನೊಂದಕ್ಕೆ ಐದು ಎಂದು ಹಂಚಿ. ಏಳು ಎಲೆಕ್ಟ್ರಾನ್‌ಗಳು ಒಂದು ಮೂಲೆಯನ್ನು ಹಂಚಿಕೊಂಡ ಎರಡು ಚತುರ್ಮುಖಿಗಳಾಗುತ್ತವೆ. ಐದು ಎಲೆಕ್ಟ್ರಾನ್‌ಗಳು ಮೂರು ಮೂಲೆಗಳನ್ನು ಹಂಚಿಕೊಂಡ ಎರಡು ಚತುರ್ಮುಖಿಗಳಾಗುತ್ತವೆ. ಪ್ರತಿ ಆಕ್ಸಿಜನ್ನಿಗೂ ನಾಲ್ಕು ಮತ್ತು ನಾಲ್ಕು, ಒಟ್ಟು ಎಂಟು. ನಡುವೆ ಹಂಚಿಕೊಂಡವು ಒಂದು ಮತ್ತು ಮೂರು, ಒಟ್ಟು ನಾಲ್ಕು, ಅಂದರೆ ದ್ವಿಬಂಧ. ಏಳಕ್ಕೂ ಐದಕ್ಕೂ ವ್ಯತ್ಯಾಸ ಎರಡು, ಅವೇ ಜೋಡಿಯಾಗದ ಎರಡು. ಅಷ್ಟಕ ಉಳಿಯಿತು, ದ್ವಿಬಂಧ ಉಳಿಯಿತು, ಕಾಂತತ್ವವೂ ಬಂತು.

ಒಂದು ಚೀಲ ಯೂರಿಯಾ

ಪಾಠದ ಉದಾಹರಣೆಗಳು ನಮ್ಮ ಮಕ್ಕಳ ಸುತ್ತಲೂ ಇವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿಯ ಮಗುವಿಗೆ ಯೂರಿಯಾ ಹೊಸದಲ್ಲ. ಅದರ ಅಣುವಿನಲ್ಲಿ ಒಂದು ಕಾರ್ಬನ್, ಒಂದು ಆಕ್ಸಿಜನ್, ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಹೊರ ಎಲೆಕ್ಟ್ರಾನ್‌ಗಳು ಕ್ರಮವಾಗಿ 4, 6, 10, 4, ಒಟ್ಟು 24, ಅಂದರೆ 12 ಜೋಡಿಗಳು. ಕಾರ್ಬನ್–ಆಕ್ಸಿಜನ್ ದ್ವಿಬಂಧಕ್ಕೆ 2, ಕಾರ್ಬನ್–ನೈಟ್ರೋಜನ್ ಬಂಧಗಳಿಗೆ 2, ನೈಟ್ರೋಜನ್–ಹೈಡ್ರೋಜನ್ ಬಂಧಗಳಿಗೆ 4, ಒಟ್ಟು 8. ಉಳಿದ 4ರಲ್ಲಿ ಆಕ್ಸಿಜನ್ನಿನ ಮೇಲೆ 2, ಪ್ರತಿ ನೈಟ್ರೋಜನ್ನಿನ ಮೇಲೆ 1. ಲೆಕ್ಕ ಸರಿಹೋಯಿತು.

ಈಗ ಆಕಾರ. ಕಾರ್ಬನ್ನಿನ ಸುತ್ತ ಮೂರು ದಿಕ್ಕಿನ ಬಂಧಗಳು, ಆದ್ದರಿಂದ ಸಮತಲ, ಕೋನಗಳು 120ರ ಆಸುಪಾಸು. ಇದು ಸರಿ. ನೈಟ್ರೋಜನ್ನಿನ ಸುತ್ತ ಮೂರು ಬಂಧ, ಒಂದು ಬಂಧರಹಿತ ಜೋಡಿ. ನಿಯಮದ ಪ್ರಕಾರ ಅಮೋನಿಯಾದಂತೆ ಗೋಪುರದ ಆಕಾರ ಬರಬೇಕು. ಆದರೆ ಯೂರಿಯಾ ಹರಳಿನಲ್ಲಿ ಇಡೀ ಅಣು ಸಮತಲವಾಗಿದೆ. ನೈಟ್ರೋಜನ್ನಿನ ಬಂಧರಹಿತ ಜೋಡಿ ಅಲ್ಲಿಯೇ ನಿಲ್ಲದೆ ಕಾರ್ಬನ್–ಆಕ್ಸಿಜನ್ ಕಡೆಗೆ ಹರಡಿಕೊಳ್ಳುವುದೂ, ಹರಳಿನ ಹೈಡ್ರೋಜನ್ ಬಂಧಗಳೂ ಇದಕ್ಕೆ ಕಾರಣ. ಅನಿಲ ಸ್ಥಿತಿಯಲ್ಲಿ ಒಂಟಿಯಾಗಿರುವ ಯೂರಿಯಾ ಅಣುವಿನ ನೈಟ್ರೋಜನ್ ತುಸು ಗೋಪುರಾಕಾರವಾಗುತ್ತದೆ. ಒಂದೇ ಅಣುವಿನಲ್ಲಿ ನಿಯಮ ಗೆಲ್ಲುವುದನ್ನೂ ಸೋಲುವುದನ್ನೂ ತೋರಿಸುವ ಇಂಥ ಉದಾಹರಣೆ ಮನೆಯ ಮೂಲೆಯಲ್ಲೇ ಇರುವಾಗ ಕ್ಸೆನಾನ್ ಟೆಟ್ರಾಫ್ಲೋರೈಡಿನಿಂದ ಏಕೆ ಆರಂಭಿಸಬೇಕು?

ಕುಷ್ಟಗಿ, ಯಲಬುರ್ಗಾ ಭಾಗದ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆ ಅಲ್ಲಿನವರಿಗೆ ಹೇಳಿಕೊಡಬೇಕಾದ್ದಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಫ್ಲೋರೈಡ್ ಅಯಾನಿನ ಚುಕ್ಕಿ ರಚನೆ ಬರೆಯಿರಿ: ಎಂಟು ಹೊರ ಎಲೆಕ್ಟ್ರಾನ್, ಒಂದು ಋಣ ಆವೇಶ. ಹೈಡ್ರಾಕ್ಸೈಡ್ ಅಯಾನಿನದನ್ನು ಪಕ್ಕದಲ್ಲಿ ಬರೆಯಿರಿ: ಅದೂ ಎಂಟು, ಅದೂ ಒಂದು ಋಣ ಆವೇಶ. ಗಾತ್ರವೂ ಹೆಚ್ಚುಕಡಿಮೆ ಒಂದೇ. ಹಲ್ಲು ಮತ್ತು ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟಿನಲ್ಲಿ ಹೈಡ್ರಾಕ್ಸೈಡಿನ ಜಾಗಕ್ಕೆ ಫ್ಲೋರೈಡ್ ಸಲೀಸಾಗಿ ಹೋಗಿ ಕೂರುವುದು ಇದರಿಂದಲೇ. ಕಲೆ ಬಿದ್ದ ತನ್ನ ಹಲ್ಲನ್ನು ಮುಚ್ಚಿಕೊಂಡು ನಗುವ ಮಗುವಿಗೆ ಈ ಎರಡು ಚುಕ್ಕಿ ರಚನೆಗಳು ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ಉಳಿಯಬಾರದು.

ನೋಡಿದವರು ಯಾರು?

ಪಾಠದ ಇನ್ನೊಂದು ದೊಡ್ಡ ಕೊರತೆ ಎಂದರೆ ಕೋನಗಳನ್ನು ಅಳೆದದ್ದು ಹೇಗೆ ಎಂದು ಹೇಳದಿರುವುದು. ಇದಕ್ಕೆ ನಮ್ಮ ದೇಶದಲ್ಲೇ ಉತ್ತಮ ಉತ್ತರವಿದೆ. 1928ರಲ್ಲಿ ಸಿ. ವಿ. ರಾಮನ್ ಕಂಡುಹಿಡಿದ ಪರಿಣಾಮದಲ್ಲಿ ಚದುರಿದ ಬೆಳಕಿನ ಬಣ್ಣ ಅಣುವಿನ ಕಂಪನಕ್ಕೆ ತಕ್ಕಂತೆ ಬದಲಾಗುತ್ತದೆ. ಕಾರ್ಬನ್ ಡೈಆಕ್ಸೈಡಿನ ಎರಡು ಆಕ್ಸಿಜನ್‌ಗಳು ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ ಚಲಿಸುವ ಕಂಪನ ರಾಮನ್ ರೋಹಿತದಲ್ಲಿ ಕಾಣುತ್ತದೆ, ಅವಕೆಂಪು ಹೀರಿಕೆಯಲ್ಲಿ ಕಾಣುವುದಿಲ್ಲ. ಸಲ್ಫರ್ ಡೈಆಕ್ಸೈಡಿನ ಮೂರೂ ಕಂಪನಗಳು ಎರಡರಲ್ಲೂ ಕಾಣುತ್ತವೆ. ಮೊದಲನೆಯದಕ್ಕೆ ಸಮಮಿತಿ ಕೇಂದ್ರವಿದೆ, ಅದು ನೇರ ಅಣು. ಎರಡನೆಯದಕ್ಕೆ ಇಲ್ಲ, ಅದು ಬಾಗಿದ ಅಣು. ಗಂಧಕದ ಮೇಲಿನ ಬಂಧರಹಿತ ಜೋಡಿಯನ್ನು ನೆನೆದು ನಾವು ಊಹಿಸಿದ್ದನ್ನು ಬೆಳಕು ಸಾಕ್ಷಿ ನುಡಿದು ಖಚಿತಪಡಿಸುತ್ತದೆ. ರಸಾಯನವಿಜ್ಞಾನದ ಪಾಠಕ್ಕೆ ಭೌತವಿಜ್ಞಾನದ ಮೇಷ್ಟ್ರು ಏಕೆ ತಲೆಹಾಕಬೇಕು ಎಂದು ಕೇಳುವವರಿಗೆ ನನ್ನ ಉತ್ತರವೂ ಇದೇ.

ಏನು ಮಾಡಬಹುದು?

'ಇಷ್ಟಕ್ಕೆಲ್ಲ ಸಮಯ ಎಲ್ಲಿದೆ, ಪಾಠ ಮುಗಿಸುವುದೇ ಕಷ್ಟ' ಎಂದು ಶಿಕ್ಷಕ ಮಿತ್ರರು ಹೇಳುತ್ತಾರೆ. ಅವರ ಕಷ್ಟ ನಿಜ. ಆದ್ದರಿಂದ ಹೊಸ ಪಾಠ ಸೇರಿಸುವ ಸಲಹೆ ನನ್ನದಲ್ಲ, ಇರುವ ಪ್ರಶ್ನೆಗಳಿಗೆ ಒಂದೊಂದು ಸಾಲು ಸೇರಿಸುವುದು ಸಾಕು. ಹತ್ತನೆಯ ತರಗತಿಯ ಪುಸ್ತಕದಲ್ಲಿ ಎಂಟು ಗಂಧಕ ಪರಮಾಣುಗಳ ಉಂಗುರದ ಚುಕ್ಕಿ ರಚನೆ ಬರೆಯಿರಿ ಎಂಬ ಪ್ರಶ್ನೆಯಿದೆ. ಮಕ್ಕಳು ಅಂದವಾದ ಚಪ್ಪಟೆ ಅಷ್ಟಭುಜ ಬರೆದು ಅಂಕ ಪಡೆಯುತ್ತಾರೆ. 'ಈ ಉಂಗುರ ಚಪ್ಪಟೆಯಾಗಿರಬಹುದೇ?' ಎಂದು ಮುಂದೆ ಕೇಳಿ. ಚಪ್ಪಟೆ ಅಷ್ಟಭುಜದ ಒಳಕೋನ 135 ಡಿಗ್ರಿ. ಪ್ರತಿ ಗಂಧಕದ ಸುತ್ತ ಎರಡು ಬಂಧ, ಎರಡು ಬಂಧರಹಿತ ಜೋಡಿ, ಹಾಗಾಗಿ ಕೋನ 109.5ಕ್ಕೆ ಹತ್ತಿರ ಇರಬೇಕು. ಕೋನ ಇಳಿಯಬೇಕಾದರೆ ಉಂಗುರ ಮೇಲೆ ಕೆಳಗೆ ಮಡಚಿಕೊಳ್ಳಲೇಬೇಕು. ಗಂಧಕದ ಅಣು ನಿಜಕ್ಕೂ ಕಿರೀಟದಂತೆ ಮಡಚಿಕೊಂಡಿದೆ, ಕೋನ ಸುಮಾರು 108 ಡಿಗ್ರಿ. ರೇಖಾಗಣಿತ ಮತ್ತು ಚುಕ್ಕಿ ರಚನೆ ಸೇರಿ ಮಗು ತಾನೇ ಒಂದು ಆಕಾರವನ್ನು ಕಂಡುಕೊಂಡಂತಾಯಿತು.

ಮಾದರಿಗಳಿಗೆ ಹಣ ಬೇಕಿಲ್ಲ. ನಮ್ಮ ಕಡೆಯ ಮಕ್ಕಳು ಜೋಳದ ದಂಟಿನ ಬೆಂಡಿನಿಂದ ಬಂಡಿ ಕಟ್ಟುತ್ತಾರೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು ಮಾಡುತ್ತಾರೆ. ಅದೇ ಮಣ್ಣಿನ ಉಂಡೆಗೆ ನಡುವಿನಿಂದ ತುದಿಗೆ 10 ಸೆಂಟಿಮೀಟರ್ ಬರುವಂತೆ ದಂಟಿನ ನಾಲ್ಕು ಕಡ್ಡಿ ಚುಚ್ಚಲಿ. ಮೊದಲು ಚೌಕವಾಗಿ ಚುಚ್ಚಿ ಅಕ್ಕಪಕ್ಕದ ತುದಿಗಳ ದೂರ ಅಳೆದರೆ ಸುಮಾರು 14.1 ಸೆಂ.ಮೀ. ಆಮೇಲೆ ಯಾವ ಎರಡು ತುದಿಗಳ ನಡುವೆಯೂ ದೂರ ಸಮನಾಗುವಂತೆ ಚುಚ್ಚಿದರೆ ಸುಮಾರು 16.3 ಸೆಂ.ಮೀ. ನಾಲ್ಕು ಜೋಡಿಗಳು ಚೌಕವನ್ನು ಬಿಟ್ಟು ಚತುರ್ಮುಖಿಯನ್ನು ಆರಿಸಿಕೊಳ್ಳುವುದು ಏಕೆ ಎಂದು ಅಳತೆಪಟ್ಟಿಯೇ ಹೇಳುತ್ತದೆ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ವಿನಂತಿ. 'ಆಕಾರ ಬರೆಯಿರಿ' ಎಂಬಲ್ಲಿ 'ಆಕಾರ ಬರೆದು ಕಾರಣ ಕೊಡಿ' ಎಂದು ಕೇಳಿ, ಅಂಕದ ಅರ್ಧವನ್ನು ಕಾರಣಕ್ಕೆ ಇಡಿ. ಪ್ರಶ್ನೆ ಬದಲಾದರೆ ಗೈಡುಗಳು ಬದಲಾಗುತ್ತವೆ, ಗೈಡುಗಳು ಬದಲಾದರೆ ತರಗತಿಯೂ ಬದಲಾಗುತ್ತದೆ.

ಚುಕ್ಕಿ ರಚನೆಯನ್ನು ಬಿಡಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ನೂರಕ್ಕೂ ಹೆಚ್ಚು ವರ್ಷಗಳಿಂದ ರಸಾಯನವಿಜ್ಞಾನಿಗಳು ಅದನ್ನು ಬಿಟ್ಟಿಲ್ಲ, ಕಾಗದದ ಚೂರಿನ ಮೇಲೆ ಅಷ್ಟು ಹೇಳಬಲ್ಲ ಇನ್ನೊಂದು ಸಾಧನವಿಲ್ಲ. ಅದು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಜೊತೆಗೇ ಹೇಳಬೇಕು ಅಷ್ಟೇ. ಕುಷ್ಟಗಿಯ ಆ ಹುಡುಗಿ ಕೇಳಿದ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿಲ್ಲ. ಅದಕ್ಕೆ ನಗದೆ ಉತ್ತರಿಸುವ ತರಗತಿಗಳು ನಾಲ್ಕೂ ಕಡೆ ಇದ್ದರೆ, ಕೋಷ್ಟಕ ಮರೆತುಹೋದರೂ ಮಕ್ಕಳಿಗೆ ನಷ್ಟವಿಲ್ಲ.